ತಾಯ್ಮಾಮನ ಬಲಗೈ

ಅನ್ನೂರು
9 ಸೆಪ್ಟೆಂಬರ್ 2024

ತಂಗಿ ತೆನ್ಮೊಳಿಗೆ ಅಣ್ಣ ಲಿಂಗಪ್ಪನ್ ಬರೆಯುವುದು.

ಮೊನ್ನೆ ಫೋನಿನಲ್ಲಿ ನೀನು ಕೈ ಹೇಗಿದೆ ಎಂದು ಕೇಳಿದಾಗ ಫಸ್ಟ್ ಕ್ಲಾಸ್ ಎಂದೆನಲ್ಲ, ಅದು ಸುಳ್ಳು. ಸೊಸೆ ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅದಕ್ಕೇ ಈ ಕಾಗದ. ಅವ್ವ ಕೊಳ್ಳೇಗಾಲದಿಂದ ಬರುವಾಗ ಸೆರಗಿನಲ್ಲಿ ಕಟ್ಟಿಕೊಂಡು ತಂದಂಥ ಈ ಕನ್ನಡ ಅಕ್ಷರ ಈಗ ಈ ಮನೆಯಲ್ಲಿ ನನಗೊಬ್ಬನಿಗೇ ಓದಲು ಬರುವುದು. ಮಗ ಧನಪಾಲನಿಗೆ ತಮಿಳು ಬಿಟ್ಟರೆ ಇಂಗ್ಲಿಷು. ಬರೆದದ್ದನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದರೂ ಹೆದರಿಕೆಯಿಲ್ಲ.

ಮೇ ತಿಂಗಳಲ್ಲಿ ವೆಳ್ಳಕೋಯಿಲಿನ ನಿಮ್ಮ ಮನೆಗೆ ಬಂದಿದ್ದಾಗ ನನ್ನ ಬಲಗೈಯಲ್ಲಿ ಮೊಣಕೈಯಿಂದ ಕಿರುಬೆರಳಿನ ತನಕ ಸಾಲಾಗಿ ನೀರುಗುಳ್ಳೆ ಎದ್ದು ನಾನು ಉರಿಯಿಂದ ಕುಣಿದದ್ದು ನಿನಗೆ ನೆನಪಿದೆ. ಡಾಕ್ಟರು ಶಿಂಗಲ್ಸ್ ಎಂದರು. ಅವ್ವನ ಬಾಯಲ್ಲಿ ಅದು ಸರ್ಪಸುತ್ತು, ನಿಮ್ಮ ಬೀದಿಯವರ ತಮಿಳಿನಲ್ಲಿ ಅಕ್ಕಿ. ಮಾತ್ರೆ ಕೊಟ್ಟರು, ನುಂಗಿದೆ, ಇಳಿಯಿತು. ಅಷ್ಟಕ್ಕೇ ಬಿಡಬಹುದಿತ್ತಲ್ಲ ನೀನು? "ಮಾತ್ರೆ ಒಳಗಿಂದ ಅಣ್ಣ, ಅಕ್ಕಿ ಬರೆಸೋದು ಹೊರಗಿಂದ" ಎಂದು ಆ ಕುಂಬಾರರ ಕಮಲಾತಾಳ್ ಮನೆಯ ಜಗಲಿಗೆ ಎಳೆದುಕೊಂಡು ಹೋದೆ. ಮುದುಕಿ ಕಾವಿಮಣ್ಣು ಕಲಸಿ, ಕೋಳಿಪುಕ್ಕ ಅದ್ದಿ, ನನ್ನ ಕೈಮೇಲೆಲ್ಲ ಚಿತ್ರ ಬರೆದಳು. ಕೊನೆಗೆ ಅದನ್ನು ತೊಳೆದ ದಿನ ಹೇಳಿದಳು: "ಇನ್ನು ಇದರ ಹೆಸರು ಬಾಯಲ್ಲಿ ಎತ್ತಬಾರದು ಸಾಮಿ. ಎತ್ತಿದರೆ ಕೇಳಿಸಿಕೊಂಡು ತಿರುಗಿ ಬರುತ್ತೆ." ನೀನೂ ನನ್ನಿಂದ ಮಾತು ತೆಗೆದುಕೊಂಡೆ. ಕಾಲೇಜಿನ ಮೆಟ್ಟಿಲು ಹತ್ತಿದವನು ನಾನು, ಆದರೂ ಇಲ್ಲಿಯವರೆಗೆ ಒಬ್ಬರ ಮುಂದೆಯೂ ಬಾಯಿ ಬಿಟ್ಟಿಲ್ಲ. ಬರೆಯಬಾರದು ಎಂದು ಅವಳು ಹೇಳಿಲ್ಲ, ದೇರ್‌ಫೋರ್ ಬರೆಯುತ್ತಿದ್ದೇನೆ.

ಈಗ ವಿಷಯ. ಹಕ್ಕಳೆ ಉದುರಿ ಬರೀ ಕಲೆ ಉಳಿದಿದ್ದ ಅದೇ ಸಾಲಿನಲ್ಲಿ ಉಂಗುರಗಳು ಎದ್ದಿವೆ. ಸಜ್ಜೆಕಾಳನ್ನು ಸುತ್ತ ಪೋಣಿಸಿ ಇಟ್ಟ ಹಾಗೆ. ನಡುವೆ ನುಣುಪು, ಅಂಚಿನಲ್ಲಿ ಗಂಟು. ನೋವಿಲ್ಲ, ತುರಿಕೆಯಿಲ್ಲ. ಎಡಗೈಯಲ್ಲಿ ಇಲ್ಲ, ಎದೆಯಲ್ಲಿ ಇಲ್ಲ, ಮುದುಕಿ ಪುಕ್ಕ ಆಡಿಸಿದ ಕಡೆ ಮಾತ್ರ! ಮೇ ತಿಂಗಳಲ್ಲೇ ಕೈಮೇಲೆ ಕಾವಿಯ ಗುರುತು ಕಂಡಿದ್ದ ಕ್ಷೌರದವನು ನೋಡಿ, "ಆಗ ಬರೆದದ್ದು ಒಳಕ್ಕೆ ಇಳಿದಿತ್ತು ಅಯ್ಯಾ, ಈಗ ಮೇಲಕ್ಕೆ ಬರ್ತಾ ಇದೆ" ಎಂದ. ನನಗೂ ಹಾಗೇ ಅನಿಸುತ್ತದೆ. ಒಬ್ಬ ಗೌರವಸ್ಥನ ಚರ್ಮ ಅವಳಿಗೆ ಮಡಕೆಯ ಮೈ ಎಂದುಕೊಂಡಳಾ? ನಿನ್ನ ಅತ್ತಿಗೆ ಮಲ್ಲಿಗಾ ಬದುಕಿದ್ದಿದ್ದರೆ ಆ ಜಗಲಿಯನ್ನು ಹತ್ತಲು ನನ್ನನ್ನು ಬಿಡುತ್ತಲೇ ಇರಲಿಲ್ಲ. ನೀನು ಹೋಗಿ ಆ ಮುದುಕಿಯನ್ನು ಕೇಳು. ಏನು ಬರೆದಳು, ಯಾವ ಮಣ್ಣಿನಲ್ಲಿ ಬರೆದಳು, ಅಳಿಸುವುದು ಹೇಗೆ. ಐ ಡಿಮ್ಯಾಂಡ್ ಆ್ಯನ್ ಆನ್ಸರ್.

ನಿನ್ನ ಅಣ್ಣ,
ಲಿಂಗಪ್ಪನ್


ವೆಳ್ಳಕೋಯಿಲ್
20 ಸೆಪ್ಟೆಂಬರ್ 2024

ಅಣ್ಣನಿಗೆ ತೆನ್ಮೊಳಿಯ ನಮಸ್ಕಾರ.

ನನ್ನ ಅಕ್ಷರ ನೋಡಿ ನಗಬೇಡ. ಅವ್ವ ಹೋದ ಮೇಲೆ ನಿನಗೆ ಬಿಟ್ಟು ಬೇರೆ ಯಾರಿಗೂ ಬರೆದಿಲ್ಲ.

ಕಮಲಾತಾಳ್ ಹತ್ತಿರ ಹೋಗಿದ್ದೆ. ಅವಳು ದೀಪಾವಳಿಗೆಂದು ಹಣತೆ ಒಣಗಿಸುತ್ತಿದ್ದಳು. ನೀನು ಬರೆದದ್ದನ್ನು ನಿನ್ನಷ್ಟು ಜೋರಾಗಿ ಹೇಳಲು ನನಗೆ ಆಗಲಿಲ್ಲ, ಮೆಲ್ಲಗೆ ಹೇಳಿದೆ. ಆದರೂ ಅವಳಿಗೆ ಸಿಟ್ಟು ಬಂತು.

"ಉಂಗುರವಾ? ಉಂಗುರ ಬರೆಯೋಕೆ ನಾನೇನು ಅಕ್ಕಸಾಲಿಯಾ ಅಮ್ಮಣಿ? ನಾನು ಬರೆದದ್ದು ಸಿಂಹ. ನಮ್ಮ ಮಾವ ಬರೀತಿದ್ದದ್ದೂ ಸಿಂಹ. ಹೋಗಿ ನಿಮ್ಮ ಅಣ್ಣನ್ನ ಕೇಳು, ಕೈಮೇಲೆ ಬಾಲ ಎದ್ದಿದೆಯಾ? ಜೂಲು ಎದ್ದಿದೆಯಾ? ಸಿಂಹ ಎದ್ದಿದ್ದರೆ ಪೊಲೀಸನ್ನ ಕರ್ಕೊಂಡು ಬಾ, ನಾನೇ ಬಂದು ಜೀಪು ಹತ್ತುತೀನಿ."

ಅಲ್ಲಿದ್ದ ಹೆಂಗಸರೆಲ್ಲ ನಕ್ಕರು. ನನಗೂ ನಗು ಬಂತು, ಕ್ಷಮಿಸು. ಅಣ್ಣ, ಅದು ಅವಳ ಮಣ್ಣಿನಿಂದ ಬಂದದ್ದಲ್ಲ ಅನಿಸುತ್ತದೆ. ಡಾಕ್ಟರಿಗೆ ತೋರಿಸು. ಆದರೆ ಹಳೆಯದರ ಹೆಸರು ಎತ್ತಬೇಡ. ಕೊಟ್ಟ ಮಾತು ಕೊಟ್ಟದ್ದೇ. ತಿರುಗಿ ಬಂದರೆ ನಿನ್ನ ವಯಸ್ಸಿಗೆ ತಡೆಯುವುದಿಲ್ಲ.

ಸಂತೋಷದ ಸುದ್ದಿ ಒಂದಿದೆ. ನಮ್ಮ ನಿವೇತಾಳಿಗೆ ಹುಡುಗ ಗೊತ್ತಾಯಿತು. ಕಾಂಗೇಯದವರು, ಕೊಬ್ಬರಿ ಎಣ್ಣೆಯ ವ್ಯಾಪಾರ. ತೈ ತಿಂಗಳಲ್ಲಿ, ಫೆಬ್ರವರಿ ಎರಡಕ್ಕೆ ಮುಹೂರ್ತ. ಇವರು ನುಗ್ಗೆಕಾಯಿ ಮಂಡಿಯಲ್ಲಿ ಕೂತುಕೊಂಡೇ ಮಂಟಪ ಮಾತಾಡಿ ಮುಗಿಸಿದರು. ನಿವೇತಾ ಕೇಳಿದ ಮೊದಲ ಮಾತು, "ಮಾಮನಿಗೆ ಹೇಳಿದ್ಯಾ ಅವ್ವಾ?" ತಾಯಿಯ ಅಣ್ಣನಾಗಿ, ತಾಯ್ಮಾಮನಾಗಿ, ಅವಳ ಕೈ ಹಿಡಿದು ಮಣೆಗೆ ಕರೆತರಬೇಕಾದವನು ನೀನು. ಅಷ್ಟರೊಳಗೆ ಕೈ ಗುಣ ಮಾಡಿಕೊ. ಹೊರಗೆ ಹೋಗುವಾಗ ಸ್ವಲ್ಪ ಮುಚ್ಚಿಕೊಂಡು ಹೋಗು, ಬಿಸಿಲು ಜಾಸ್ತಿ.

ತೆನ್ಮೊಳಿ


ಅನ್ನೂರು
14 ಅಕ್ಟೋಬರ್ 2024

ತಂಗಿ,

ವಿತ್ ರೆಫರೆನ್ಸ್ ಟು ಯುವರ್ ಲೆಟರ್. ಸಿಂಹದ ಮಾತು ಓದಿ ನನಗೆ ನಗು ಬರಲಿಲ್ಲ. ಇದನ್ನು ಓದಿದರೆ ನಿನಗೂ ಬರುವುದಿಲ್ಲ.

ಇಲ್ಲಿನ ಒಬ್ಬ ಡಾಕ್ಟರ ಬಳಿ ಹೋದೆ. ಧನಪಾಲ್ ಕಾರಿನಲ್ಲಿ ಕರೆದುಕೊಂಡು ಹೋದ. ಡಾಕ್ಟರು ಹುಡುಗ, ನಮ್ಮ ನಿವೇತಾಳಿಗಿಂತ ಎರಡು ವರ್ಷ ದೊಡ್ಡವನಿರಬಹುದು. ಉಂಗುರಗಳನ್ನು ನೋಡಿದ, ಮೂಗಿನ ಹತ್ತಿರ ತಂದು ನೋಡಿದ, ಆಮೇಲೆ "ಕಣ್ಣು ಮುಚ್ಚಿಕೊಳ್ಳಿ ಅಯ್ಯಾ, ನಾನು ಮುಟ್ಟಿದಾಗೆಲ್ಲ ಹೇಳಿ" ಎಂದ. ಮುಚ್ಚಿಕೊಂಡೆ. ಕಾದೆ. ಫ್ಯಾನಿನ ಸದ್ದು ಕೇಳುತ್ತಿತ್ತು. ಕೊನೆಗೆ ಬೇಸರವಾಗಿ ಕೇಳಿದೆ, "ಯಾವಾಗ ಶುರು ಮಾಡ್ತೀರಾ ತಂಬಿ?"

"ಮುಗೀತು ಅಯ್ಯಾ" ಎಂದ.

ಕಣ್ಣು ಬಿಟ್ಟರೆ ಅವನ ಕೈಯಲ್ಲಿ ಸೂಜಿ. ನನ್ನ ಕೈಮೇಲೆ ಒಂದು ಕಡೆ ರಕ್ತದ ಚುಕ್ಕೆ ಕೂಡ ಇತ್ತು. ನನಗೆ ಗೊತ್ತೇ ಆಗಿಲ್ಲ! "ಈ ಕೈಗೆ ಮೊದಲೇನಾದರೂ ಆಗಿತ್ತಾ?" ಎಂದು ಕೇಳಿದ. ನಿನಗೆ ಕೊಟ್ಟ ಮಾತು. "ಏನೂ ಇಲ್ಲ" ಎಂದೆ. ಧನಪಾಲನಿಗೆ ಅದು ಗೊತ್ತೇ ಇಲ್ಲ. ಡಾಕ್ಟರ ಹುಡುಗ ಒಂದು ಚೀಟಿಯಲ್ಲಿ ಹ್ಯಾನ್ಸನ್ಸ್ ಎಂದು ಬರೆದು, ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿ, ಪಟ್ಟಣದ ಆರ್.ಎಸ್. ಪುರಂ ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಎಂದ.

ಹ್ಯಾನ್ಸನ್ ಎಂದರೆ ಆ ದೊಡ್ಡ ಡಾಕ್ಟರ ಹೆಸರು ಎಂದುಕೊಂಡೆ. ಬ್ರಿಟಿಷರ ಕಾಲದವರ ಮೊಮ್ಮಗ ಯಾರಾದರೂ ಇರಬೇಕು. ಆರ್.ಎಸ್. ಪುರಂನಲ್ಲಿ ಒಂದು ಔಷಧಿ ಅಂಗಡಿಯ ಮುಂದೆ ನಿಂತು ನನ್ನ ಕಾಲೇಜು ಇಂಗ್ಲಿಷಿನಲ್ಲೇ ಜೋರಾಗಿ ಕೇಳಿದೆ, ವೇರ್ ಈಸ್ ಡಾಕ್ಟರ್ ಹ್ಯಾನ್ಸನ್? ಅಂಗಡಿಯವನು ಚೀಟಿ ನೋಡಿದ, ನನ್ನ ಕೈ ನೋಡಿದ, ಚೀಟಿಯನ್ನು ಗಾಜಿನ ಮೇಲೆ ಬೆರಳ ತುದಿಯಿಂದ ನನ್ನ ಕಡೆ ದೂಡಿದ. "ಅದು ಡಾಕ್ಟರ ಹೆಸರಲ್ಲ ಅಯ್ಯಾ. ಕಾಯಿಲೆ. ಕುಷ್ಠ." ಕಾರು ನಿಲ್ಲಿಸಿ ಬರುತ್ತಿದ್ದ ಧನಪಾಲನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತು ಒಂದೇ.

ನನಗೆ! ಜೀವಮಾನವಿಡೀ ಹಿಂಡಿ ಬೂಸಾ ಅಂಗಡಿಯಲ್ಲಿ ಕೂತು ದುಡಿದವನಿಗೆ, ದಿನಕ್ಕೆ ಎರಡು ಸಲ ಮೀಯುವವನಿಗೆ! ಅವತ್ತು ಚರ್ಮದ ಡಾಕ್ಟರು ರಜೆಯಲ್ಲಿದ್ದರು. ಬರುವ ತಿಂಗಳು ಬನ್ನಿ ಎಂದು ಟೋಕನ್ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಆ ಪ್ರಶ್ನೆಯ ಗುರುತು ನನ್ನ ಜೇಬಿನಲ್ಲಿದೆ. ಅದು ಪ್ರಶ್ನೆ ಎಂಬುದು ಮಾತ್ರ ಯಾರ ಕಣ್ಣಿಗೂ ಬೀಳುತ್ತಿಲ್ಲ.

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನನ್ನ ಊಟವನ್ನು ಈಗ ಮಹಡಿಯ ರೂಮಿಗೇ ತರಿಸಿಕೊಳ್ಳುತ್ತಿದ್ದೇನೆ. ಮಂಡಿನೋವು, ಮೆಟ್ಟಿಲು ಇಳಿಯುವುದು ಕಷ್ಟ.

ಲಿಂಗಪ್ಪನ್


ವೆಳ್ಳಕೋಯಿಲ್
6 ನವೆಂಬರ್ 2024

ಅಣ್ಣನಿಗೆ ನಮಸ್ಕಾರ.

ಹಬ್ಬದ ಗಡಿಬಿಡಿಯಲ್ಲಿ ಬರೆಯುವುದು ತಡವಾಯಿತು. ಮಂಡಿನೋವು ಎಂದು ಬರೆದಿದ್ದೀಯ. ಮೇ ತಿಂಗಳಲ್ಲಿ ನಮ್ಮ ಟೆರೇಸಿಗೆ ಕೈ ಉರಿಯಲ್ಲೂ ಓಡಿ ಹತ್ತಿದವನು ನೀನು. ಇರಲಿ, ನಾನು ಕೇಳುವುದಿಲ್ಲ.

ಮದುವೆ ಕೆಲಸ ನಡೆಯುತ್ತಿದೆ. ಚಳಿಗಾಲ, ಇಷ್ಟು ದೂರ, ರಾತ್ರಿಯೆಲ್ಲ ಒಂದಾದ ಮೇಲೊಂದು ಶಾಸ್ತ್ರಗಳು. ನಿನಗೆ ಆಯಾಸವಾಗುತ್ತದೇನೋ ಎಂದು ಇವರು ಹೇಳಿದರು. ಬೇಕಾದರೆ ಕೈ ಹಿಡಿದು ಕರೆತರುವ ಶಾಸ್ತ್ರವನ್ನು ಮಾತ್ರ ದೊಡ್ಡಪ್ಪನ ಮಗ ಲೋಗನಾಥನ್ ಅಣ್ಣ ಮಾಡಲಿ, ಅವನೂ ನನಗೆ ಅಣ್ಣನ ವರಸೆಯೇ ತಾನೆ? ನೀನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಕೊಂಡು ಆರಾಮಾಗಿ ಕೂತುಕೊ. ಸುಮ್ಮನೆ ಹೇಳಿದೆ, ತಪ್ಪು ತಿಳಿಯಬೇಡ.

ಇದರ ಜೊತೆ ನಿನಗೆ ರೇಷ್ಮೆ ಅಂಗಿ ಇಟ್ಟಿದ್ದೇನೆ. ಪೂರ್ತಿ ತೋಳಿನದು. ಮಂಟಪದಲ್ಲಿ ಏಸಿ ಇದೆ.

ತೆನ್ಮೊಳಿ


ಅನ್ನೂರು
19 ನವೆಂಬರ್ 2024

ತೆನ್ಮೊಳಿಗೆ,

ಐ ಬೆಗ್ ಟು ಅಕ್ನಾಲೆಜ್ ದಿ ರಿಸೀಟ್ ಆಫ್ ಒನ್ ಶರ್ಟ್.

ಹುಟ್ಟಿದಾಗಿನಿಂದ ಅರ್ಧ ತೋಳು ಬಿಟ್ಟು ಬೇರೆ ಅಂಗಿ ತೊಟ್ಟವನಲ್ಲ ನಿನ್ನ ಅಣ್ಣ. ನನ್ನ ಮದುವೆಯ ಫೋಟೋದಲ್ಲೂ ಅರ್ಧ ತೋಳೇ. ಅದು ನಿನಗೆ ಗೊತ್ತಿಲ್ಲದ್ದಲ್ಲ. ಏಸಿ ಅಂತೆ! ಹೆಣ್ಣು ಕೊಡುವ ಮನೆಯವರು ತಾಯ್ಮಾಮನಿಗೆ ಏನೇನು ತೊಡಿಸುತ್ತಾರೋ ನಾನು ಬಹಳ ಕಡೆ ನೋಡಿದ್ದೇನೆ, ಚಾದರ ತೊಡಿಸುವವರನ್ನು ಇದೇ ಮೊದಲು ನೋಡಿದ್ದು. ತೋಳು ಎರಡನ್ನೂ ದರ್ಜಿಯ ಬಳಿ ಕತ್ತರಿಸಿ ಇದರ ಜೊತೆ ಪಾರ್ಸೆಲ್ ಮಾಡಿದ್ದೇನೆ. ಅಂಗಿ ಚೆನ್ನಾಗಿದೆ, ಇಟ್ಟುಕೊಂಡಿದ್ದೇನೆ. ತೋಳನ್ನು ಲೋಗನಾಥನಿಗೆ ಕೊಡು.

ಲೋಗನಾಥನ್! ನಿನ್ನ ಮದುವೆಯಲ್ಲಿ ಪಂಕ್ತಿ ಏಳುವ ಹೊತ್ತಿಗೆ ಬಂದು ಪಾಯಸ ಇಲ್ಲವೆಂದು ಜಗಳ ತೆಗೆದವನು. ನಿವೇತಾ ಹುಟ್ಟಿದಾಗ ಅವಳ ಕಿವಿ ಚುಚ್ಚಿಸಿದ್ದು ಯಾರ ತೊಡೆಯ ಮೇಲೆ? ಅವಳು ದೊಡ್ಡವಳಾದಾಗ ಹಸಿ ತೆಂಗಿನ ಗರಿಯ ಗುಡಿಸಲು ಕಟ್ಟಿದ ಕೈ ಯಾವುದು? ಇದೇ ಕೈ. ನಮ್ಮಲ್ಲಿ ತಾಯ್ಮಾಮ ಕೈ ಹಿಡಿಯದೆ ಹೆಣ್ಣು ಕೋಣೆಯಿಂದ ಹೊರಗೆ ಕಾಲಿಡುವುದುಂಟಾ? ನಾನು ಬದುಕಿರುವಾಗ ಬೇರೊಬ್ಬ ಆ ಕೈ ಹಿಡಿದರೆ, ನಾನು ಸತ್ತೆ ಎಂದು ಊರಿಗೆಲ್ಲ ಸಾರಿದ ಹಾಗೆ. ನಾಟ್ ಓನ್ಲಿ ಇನ್‌ಸಲ್ಟ್ ಬಟ್ ಆಲ್ಸೋ ತಿಥಿ.

ಆರ್.ಎಸ್. ಪುರಂ ಆಸ್ಪತ್ರೆಗೆ ಮೊನ್ನೆ ಹೋಗಿ ಬಂದೆ. ಒಂದು ಉಂಗುರದ ಅಂಚಿನಿಂದ ಚೂರು ಮಾಂಸ ಕತ್ತರಿಸಿ ಸೀಸೆಗೆ ಹಾಕಿಕೊಂಡಿದ್ದಾರೆ. ಅಲ್ಲಿ ಬೆಂಚಿನ ಮೇಲೆ ಒಬ್ಬ ಸಿಕ್ಕಿದ್ದ. ಅವನ ವಿಷಯ ಈಗ ಬೇಡ.

ಲಿಂಗಪ್ಪನ್


ವೆಳ್ಳಕೋಯಿಲ್
8 ಡಿಸೆಂಬರ್ 2024

ಅಣ್ಣ,

ತೋಳು ಬಂತು. ಪಾರ್ಸೆಲ್ ಬಿಚ್ಚಿದ್ದು ಇವರು. ಎರಡು ತೋಳನ್ನೂ ಎರಡು ಕೈಯಲ್ಲಿ ಹಿಡಿದುಕೊಂಡು ಮಂಡಿಯ ಆಳುಗಳ ಮುಂದೆ ನಿಂತಿದ್ದರು. ಆಮೇಲೆ ಒಂದು ದಿನ ನನ್ನ ಜೊತೆ ಮಾತಾಡಲಿಲ್ಲ. ಅಂಗಿ ಆರಿಸಿದ್ದು ಇವರು. ನಾನು ಬೇಡ ಎನ್ನಲಿಲ್ಲ, ಅದೂ ನಿಜ.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನಿನ್ನ ಸೊಸೆ ತನ್ನ ಚಿಕ್ಕಮ್ಮನಿಗೆ ಹೇಳಿದ್ದಾಳೆ. ಆ ಚಿಕ್ಕಮ್ಮ ಇರುವುದು ಕಾಂಗೇಯದಲ್ಲಿ. ಹುಡುಗನ ತಾಯಿ ಒಂದು ಮಧ್ಯಾಹ್ನ ಹೂವು ಹಣ್ಣು ಹಿಡಿದುಕೊಂಡು ಬಂದು, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ಕೇಳಿದರು: "ಹುಡುಗಿಯ ಮಾಮನಿಗೆ ಅದೇನೋ ದೊಡ್ಡ ರೋಗ ಅಂತೆ? ಕೈಯಲ್ಲೇ ಅಂತೆ? ಆ ಕೈಯನ್ನ ಇವಳು ಹಿಡಿದು, ಇವಳ ಕೈಯನ್ನ ನನ್ನ ಮಗ ಹಿಡಿಯಬೇಕಲ್ಲಾ ಅಮ್ಮಣಿ?" ಅದಲ್ಲ, ಬೇರೆ ಏನೋ, ಡಾಕ್ಟರು ನೋಡುತ್ತಿದ್ದಾರೆ ಎಂದೆ. "ಹಾಗಾದರೆ ಡಾಕ್ಟರ ಕೈಯಲ್ಲಿ ಬರೆಸಿ ಒಂದು ಕಾಗದ ತೋರಿಸಿಬಿಡಿ, ಮನಸ್ಸಿಗೆ ಸಮಾಧಾನ" ಎಂದರು.

ಅಷ್ಟೇ ಅಣ್ಣ. ಪರೀಕ್ಷೆಯ ಉತ್ತರ ಬಂದ ಕೂಡಲೇ ಧನಪಾಲನಿಗೆ ಹೇಳಿ ಫೋನಿನಲ್ಲಿ ಫೋಟೋ ತೆಗೆಸಿ ಕಳಿಸು. ಅದಲ್ಲ ಎಂದು ಇದ್ದರೆ ಸಾಕು. ನೀನೇ ಬಂದು ಕೈ ಹಿಡಿಯುತ್ತೀಯ, ಲೋಗನಾಥನ್ ಅಣ್ಣನ ಮಾತೇ ಇಲ್ಲ. ದಿನಾ ದೀಪ ಹಚ್ಚುವಾಗ ಅದನ್ನೇ ಬೇಡಿಕೊಳ್ಳುತ್ತಿದ್ದೇನೆ.

ತೆನ್ಮೊಳಿ


ಅನ್ನೂರು
2 ಜನವರಿ 2025

ತಂಗಿ,

ಉತ್ತರ ಬಂದಿದೆ. ಸಾವಧಾನವಾಗಿ ಓದು.

ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಡಾಕ್ಟರಮ್ಮ ಮೊದಲ ದಿನವೇ ಅದೇ ಪ್ರಶ್ನೆ ಕೇಳಿದ್ದರು, ಈ ಕೈಗೆ ಮೊದಲು ಏನಾಗಿತ್ತು ಎಂದು. ಆಗಲೂ ನಾನು ತುಟಿ ಹೊಲಿದುಕೊಂಡಿದ್ದೆ. ಈ ಸಲ ಸೀಸೆಯ ರಿಪೋರ್ಟನ್ನು ಕೈಯಲ್ಲಿ ಹಿಡಿದು, "ಕುಷ್ಠದ ಗುರುತು ಎಲ್ಲೂ ಇಲ್ಲ ತಾತಾ, ಆದರೆ ಜೋಮು ಯಾಕೆ ಅಂತ ಗೊತ್ತಾಗ್ತಾ ಇಲ್ಲ. ಉಂಗುರದ ಈ ಕಾಯಿಲೆಗೆ ಜೋಮು ಹಿಡಿಯಲ್ಲ" ಎಂದು ತಲೆ ಕೆರೆದುಕೊಂಡರು. ನನಗೆ ರೇಗಿತು. ಬರುವುದಾದರೆ ಬರಲಿ ಎಂದು ಬಾಯಿ ಬಿಟ್ಟು ಹೇಳಿದೆ, ಅಕ್ಕಿ! ಮೇ ತಿಂಗಳಲ್ಲಿ ಅಕ್ಕಿ ಎದ್ದಿತ್ತು, ಇದೇ ಸಾಲಿನಲ್ಲಿ! ಆ ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಇದನ್ನ ಮೊದಲೇ ಹೇಳೋದಲ್ವಾ ತಾತಾ?"

ಕುಂಬಾರ ಮುದುಕಿಗೆ ಕೊಟ್ಟ ಮಾತಿನ ಕಥೆ ಹೇಳಿದೆ. ಬೈಯುತ್ತಾರೆ ಎಂದುಕೊಂಡರೆ ನಕ್ಕರು. ಜೋಮು ಹಳೆಯ ಸರ್ಪಸುತ್ತಿನದಂತೆ, ಅದು ನರವನ್ನು ಕೆಡಿಸಿ ಹೋಗಿದೆ. ಉಂಗುರ ಹೊಸದಂತೆ. ಹೆಸರು ಗ್ರಾನ್ಯುಲೋಮಾ ಆನ್ಯುಲೇರ್. ಅದಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಸರ್ಪಸುತ್ತು ವಾಸಿಯಾದ ಜಾಗದಲ್ಲಿ, ಬಹಳ ಅಪರೂಪಕ್ಕೆ, ಹೀಗೆ ಬೇರೊಂದು ಕಾಯಿಲೆ ಬಂದು ಅದೇ ಸಾಲು ಹಿಡಿದು ಕೂರುವುದುಂಟು. ನರ ಕೆಟ್ಟ ಕಡೆ ಮೈಯ ಕಾವಲು ತಪ್ಪುತ್ತದೋ ಏನೋ, ಯಾರಿಗೂ ಖಚಿತವಾಗಿ ಗೊತ್ತಿಲ್ಲ ಎಂದರು. ಅಂಟುವುದಿಲ್ಲ. ಮುಲಾಮು ಕೊಟ್ಟಿದ್ದಾರೆ, ಹಚ್ಚದಿದ್ದರೂ ಕಾಲಕ್ರಮದಲ್ಲಿ ತಾನಾಗಿ ಹೋಗಬಹುದು. ಎರಡೂ ರೋಗದ ಹೆಸರನ್ನು ಬರೆದು, ಇದು ಕುಷ್ಠವಲ್ಲ ಎಂದೂ ಬರೆದು, ಮೊಹರು ಒತ್ತಿ ಕೊಟ್ಟಿದ್ದಾರೆ.

ಮನೆಗೆ ಬರುವಾಗ ಮೈಸೂರುಪಾಕು ತಂದೆ. ಧನಪಾಲನಿಗೂ ಸೊಸೆಗೂ ಆ ಹಾಳೆ ಕೊಟ್ಟೆ. ಓದಿದರು. ಆ ರಾತ್ರಿ ಸೊಸೆ ಕೆಳಗೆ ಮೇಜಿನ ಮೇಲೆ ನನ್ನ ತಟ್ಟೆ ಇಟ್ಟು, "ಬನ್ನಿ ಮಾಮಾ, ಬಿಸಿ ಇದೆ" ಎಂದಳು. ನನಗೆ ಮಂಡಿನೋವು ಯಾವತ್ತೂ ಇರಲಿಲ್ಲ ತೆನ್ಮೊಳಿ. ಅಕ್ಟೋಬರಿನಿಂದ ನನ್ನ ತಟ್ಟೆ, ಲೋಟ, ಚೊಂಬು ಎಲ್ಲ ಮಹಡಿಯಲ್ಲಿತ್ತು. ಮೆಟ್ಟಿಲ ಮೇಲೆ ಇಟ್ಟು, ಬಾಗಿಲು ತಟ್ಟಿ, ಇಳಿದು ಹೋಗುತ್ತಿದ್ದರು. ಒಂದೇ ಒಂದು ಹಾಳೆ ತೋರಿಸಿದ ಕೂಡಲೇ ನಾನು ಮತ್ತೆ ಮನೆಯ ಯಜಮಾನ! ಬಿಸಿ ಇದೆಯಂತೆ! ಮೆಟ್ಟಿಲ ನಡುವೆ ನಿಂತು ಆ ತಟ್ಟೆಯನ್ನು ನೋಡಿದೆ. ತಿರುಗಿ ಮೇಲೆ ಹತ್ತಿದೆ. ಈಗಲೂ ಮೇಲೆಯೇ ಉಣ್ಣುತ್ತೇನೆ. ಇದು ನನ್ನ ಇಷ್ಟ.

ಈಗ ಆ ಬೆಂಚಿನವನ ವಿಷಯ. ಹೆಸರು ಶಕ್ತಿವೇಲ್. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ನಿಜವಾಗಿ ಅದೇ ಕಾಯಿಲೆ ಇದ್ದವನು. ಒಂದು ವರ್ಷ ಮಾತ್ರೆ ತಿಂದು ಮುಗಿಸಿ, ಪರೀಕ್ಷೆಗೆ ಬಂದಿದ್ದ. ಅದು ಗೊತ್ತಾದಾಗ ನಾನು ಎದ್ದು ಎರಡು ಜಾಗ ಆಚೆ ಕೂತೆ. "ಕೂತ್ಕೊಳಿ ಅಯ್ಯಾ, ಬೆಂಚು ಕಚ್ಚಲ್ಲ" ಎಂದ. ನನಗೆ ಅದಲ್ಲ ಎಂದು ನಾಲ್ಕು ಜನರಿಗೆ ಕೇಳುವಂತೆ ಹೇಳಿದೆ. ಅವನು ನಕ್ಕ. "ಇಲ್ಲಿ ಬರೋರೆಲ್ಲ ಮೊದಲು ಹಾಡೋದು ಅದೇ ಹಾಡು." ಮಾತಿಗೆ ಮಾತು ಬಂದು, ಸೋದರ ಸೊಸೆಯ ಮದುವೆ ಇದೆ ಎಂದೆ. ಅವನು ತನ್ನ ಕಥೆ ಹೇಳಿದ. ಅವನ ಅಕ್ಕನ ಮಗಳ ಮದುವೆಗೆ ಅವನೇ ತಾಯ್ಮಾಮ. ಮಾತ್ರೆ ಶುರುವಾಗಿತ್ತು, ಇನ್ನು ಯಾರಿಗೂ ಅಂಟುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರು. ಆದರೂ ಅವನನ್ನು ಪಾತ್ರೆ ತೊಳೆಯುವ ಕಡೆ ನಿಲ್ಲಿಸಿದರು. ಹಾರ ಹಾಕಿದ್ದು ಅವನ ತಮ್ಮ. "ಅಕ್ಕ ಒಂದು ಎಲೆ ಊಟ ಅಲ್ಲಿಗೇ ಕಳಿಸಿದಳು ಅಯ್ಯಾ. ಲಾಡು ಎರಡು ಜಾಸ್ತಿ ಇಟ್ಟಿದ್ದಳು" ಎಂದ. ಅದನ್ನೂ ನಗುತ್ತಲೇ ಹೇಳಿದ, ಪಾಪಿ.

ಆದ್ದರಿಂದ ಫೋಟೋ ಕಳಿಸುವುದಿಲ್ಲ. ಆ ಹಾಳೆ ನನಗೆ ಆ ಕಾಯಿಲೆ ಇಲ್ಲ ಎಂದು ಹೇಳುತ್ತದೆ. ಇದ್ದಿದ್ದರೆ? ನಾನು ನಿವೇತಾಳಿಗೆ ಮಾಮ ಅಲ್ಲವಾ? ನಿನ್ನ ಜೊತೆ ಒಂದೇ ಹೊಟ್ಟೆಯಲ್ಲಿ ಹುಟ್ಟಿಲ್ಲವಾ? ಮಾತ್ರೆ ತಿಂದರೆ ಹೋಗುವ ಒಂದು ಕಾಯಿಲೆಗಾಗಿ ಕಾಂಗೇಯದ ಎಣ್ಣೆಯವರು ನನ್ನ ಹತ್ತಿರ ಮೊಹರು ಒತ್ತಿದ ಸರ್ಟಿಫಿಕೇಟು ಕೇಳುತ್ತಾರಾ? ಅವರ ಹುಡುಗನ ತಲೆ ಸರಿಯಿದೆ ಎಂಬುದಕ್ಕೆ ನೀವು ಕೇಳಿದಿರಾ? ಬರಲಿ ಎಂದರೆ ಬರುತ್ತೇನೆ, ಬರಿಗೈಯಲ್ಲಿ. ಇದೇ ಕೈಯಲ್ಲಿ.

ಲಿಂಗಪ್ಪನ್


ವೆಳ್ಳಕೋಯಿಲ್
13 ಜನವರಿ 2025

ಅಣ್ಣ,

ಅದಲ್ಲ ಎಂದು ಓದಿ ದೇವರ ಮನೆಯಲ್ಲಿ ಕೂತು ಅತ್ತೆ. ಹೆಸರು ಎತ್ತಬೇಡ ಎಂದು ನಾನು ಮಾತು ತೆಗೆದುಕೊಂಡಿರದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ನೀನು ಬರೆದದ್ದು ಸರಿ. ಎಲ್ಲವೂ ಸರಿ. ಆದರೆ ನೀನು ಸರಿಯಾಗಿರಲು ಹೋಗಿ ನನ್ನ ಮಗಳ ಮದುವೆ ನಿಂತುಹೋದರೆ? ಶಕ್ತಿವೇಲ್ ಎಂಬುವವರು ಯಾರೋ ಏನೋ, ಅವರಿಗಾಗಿ ನೀನು ಯಾಕೆ ಹಠ ಹಿಡಿಯುತ್ತೀಯ? ನಮ್ಮಲ್ಲಿ ಇಲ್ಲದ ಕಾಯಿಲೆಯನ್ನು ಇಲ್ಲ ಎಂದು ಹೇಳುವುದರಲ್ಲಿ ತಪ್ಪೇನಿದೆ? ಒಂದು ಫೋಟೋ ಅಣ್ಣ. ಇವರು ಲಗ್ನಪತ್ರಿಕೆ ಅಚ್ಚು ಹಾಕಿಸುವುದನ್ನು ತಡೆದಿಟ್ಟಿದ್ದಾರೆ. ತಾಯ್ಮಾಮ ಎಂಬ ಸಾಲಿನಲ್ಲಿ ಯಾರ ಹೆಸರು ಹಾಕುವುದು ಎಂದು ಪ್ರೆಸ್ಸಿನವನು ದಿನಾ ಕೇಳುತ್ತಾನೆ.

ತೆನ್ಮೊಳಿ


ಅನ್ನೂರು
18 ಜನವರಿ 2025

ತೆನ್ಮೊಳಿಗೆ,

ಐ ರಿಗ್ರೆಟ್ ಟು ಇನ್‌ಫಾರ್ಮ್. ಲೋಗನಾಥನ ಹೆಸರು ಹಾಕಿಸು. ಮಗುವಿಗೆ ನನ್ನ ಆಶೀರ್ವಾದ. ಅವಳ ಮದುವೆ ನಿಲ್ಲುವುದು ನನಗೂ ಬೇಡ. ಆದರೆ ಲಾಡು ಕಳಿಸಬೇಡ.

ಫೋನು ಮಾಡಬೇಡ. ಎತ್ತುವುದಿಲ್ಲ.

ಲಿಂಗಪ್ಪನ್


ವೆಳ್ಳಕೋಯಿಲ್
1 ಫೆಬ್ರವರಿ 2025, ಮಧ್ಯಾಹ್ನ

ಅಣ್ಣ,

ನೀನು ಫೋನು ಎತ್ತುತ್ತಿಲ್ಲ. ಧನಪಾಲ್ ಎತ್ತಿದ, ಅಪ್ಪ ಬಾಗಿಲು ಹಾಕಿಕೊಂಡಿದ್ದಾರೆ ಎಂದ. ಮಂಟಪದ ಸಾಮಾನು ಕೋಣೆಯಲ್ಲಿ ಅಕ್ಕಿ ಮೂಟೆಯ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇದನ್ನು ತರುವವನು ನಮ್ಮ ಮಂಡಿಯ ಡ್ರೈವರ್ ದಿವಾಕರ್. ಪೂರ್ತಿ ಓದಿ ಮುಗಿಸುವವರೆಗೆ ಅವನನ್ನು ಬೈಯಬೇಡ.

ಹುಡುಗನ ಕಡೆಯವರು ಹನ್ನೆರಡಕ್ಕೆಲ್ಲ ಬಂದು ಇಳಿದರು. ಅವನ ತಾಯಿ ಒಳಗೆ ಬಂದವರೇ ತಾಯ್ಮಾಮ ಎಲ್ಲಿ ಎಂದು ಕೇಳಿದರು. ಲೋಗನಾಥನ್ ಅಣ್ಣನನ್ನು ತೋರಿಸಿದೆ. ಅವನು ಎದೆ ಮುಂದೆ ಮಾಡಿ ಕೈಮುಗಿದ. ಆಕೆ ನನ್ನ ತೋಳು ತಟ್ಟಿ, ಎಲ್ಲ ಹೆಂಗಸರ ಮುಂದೆ, "ಒಳ್ಳೇ ಕೆಲಸ ಮಾಡಿದಿರಿ ಅಮ್ಮಣಿ. ಒಡಹುಟ್ಟಿದವರಾದರೇನು, ದೂರ ಇಡಬೇಕಾದ್ದನ್ನ ದೂರ ಇಡಬೇಕು" ಎಂದರು.

ಹೊಗಳಿದರು ಅಣ್ಣ ನನ್ನನ್ನು. ಎಲ್ಲ ಹೆಂಗಸರೂ ಹೌದು ಎಂದು ತಲೆ ಆಡಿಸಿದರು. ಆಗ ನನಗೆ ಆ ಶಕ್ತಿವೇಲರ ಅಕ್ಕ ನೆನಪಾದಳು. ಅವಳನ್ನೂ ಯಾರೋ ಹೀಗೇ ತೋಳು ತಟ್ಟಿ ಹೊಗಳಿರಬೇಕು.

ನನ್ನ ಅಣ್ಣನಿಗೆ ಅದಲ್ಲ ಎಂದು ಹೇಳಲು ಬಾಯಿ ತೆರೆದೆ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ಅಲ್ಲಿಗೆ ಎಲ್ಲ ಸರಿಹೋಗುತ್ತಿತ್ತು. ಹೇಳಲಿಲ್ಲ. "ಯಾವ ಕಾಯಿಲೆ ಇದ್ದರೂ ಇಲ್ಲದಿದ್ದರೂ ನನ್ನ ಮಗಳ ಕೈ ಹಿಡಿಯೋದು ನನ್ನ ಅಣ್ಣನೇ. ಕರೆಸ್ತಾ ಇದೀನಿ. ಬೇಡ ಅನ್ನೋರು ಈಗಲೇ ಹೇಳಿಬಿಡಿ" ಎಂದೆ. ನನ್ನ ಧ್ವನಿ ನನಗೇ ಬೇರೆಯವರದ್ದು ಅನಿಸಿತು. ನಾದಸ್ವರದವರು ಕೂಡ ನಿಲ್ಲಿಸಿಬಿಟ್ಟರು.

ಆಕೆ ಎದ್ದು ಹೋಗಿ ಅವರ ವ್ಯಾನಿನಲ್ಲಿ ಕೂತಿದ್ದಾರೆ. ಹುಡುಗನ ಅಪ್ಪ ವ್ಯಾನಿಗೂ ಮಂಟಪಕ್ಕೂ ಓಡಾಡುತ್ತಿದ್ದಾರೆ. ಹುಡುಗ ಬಂದು ನಿವೇತಾಳ ಹತ್ತಿರ ಏನೋ ಕೇಳಿದ, ಇವಳು ಏನೋ ಹೇಳಿದಳು, ಅವನು ಹೋಗಿ ವ್ಯಾನಿನ ಬಾಗಿಲಲ್ಲಿ ನಿಂತಿದ್ದಾನೆ. ಒಳಗೆ ಹತ್ತಿಲ್ಲ. ಅಷ್ಟು ನಾನು ಕಿಟಕಿಯಿಂದ ನೋಡಿದೆ. ವ್ಯಾನು ಇನ್ನೂ ಹೊರಟಿಲ್ಲ. ಇವರು ನನ್ನನ್ನು ಹುಚ್ಚಿ ಎಂದರು. ಆಮೇಲೆ ದಿವಾಕರ್‌ಗೆ ಕಾರಿನ ಬೀಗದ ಕೈ ಕೊಟ್ಟವರೂ ಇವರೇ.

ಅಡುಗೆಯವರು ಬಂದು, ರಾತ್ರಿ ಊಟಕ್ಕೆ ಒಲೆ ಹಚ್ಚುವುದಾ ಬೇಡವಾ ಎಂದು ಕೇಳಿದರು. ಹಚ್ಚಿ ಎಂದಿದ್ದೇನೆ. ಲೋಗನಾಥನ್ ಅಣ್ಣನಿಗೆ ಅವನು ಶಾಸ್ತ್ರ ಮಾಡುವುದು ಬೇಡ ಎಂದು ಹೇಳಿಬಿಟ್ಟೆ. ಅವನು ಕೋಪಿಸಿಕೊಂಡು ಬಸ್ ಹತ್ತಿದ. ಈಗ ಆ ಹುಡುಗಿಯ ಕೈ ಹಿಡಿಯಲು ಇಲ್ಲಿ ಯಾರೂ ಇಲ್ಲ ಅಣ್ಣ. ಹೊರಡು.

ತೆನ್ಮೊಳಿ